ಅಂಗೈ ನೋಡುವವಳು

ಆ ಊರಿನವರಿಗೆ ಬಿಸಿಲೆಂದರೆ ಭಯವಿರಲಿಲ್ಲ, ಭಯವೇನಿದ್ದರೂ ತಂಪಿನದು. ಬಿಸಿಲು ಎಲ್ಲರ ತಲೆಯ ಮೇಲೂ ಒಂದೇ ಸಮ ಬೀಳುತ್ತದೆ, ಅದಕ್ಕೆ ಪಕ್ಷಪಾತ ಗೊತ್ತಿಲ್ಲ. ತಂಪು ಹಾಗಲ್ಲ. ಅದನ್ನು ಬಚ್ಚಿಡಬಹುದು, ಕದಿಯಬಹುದು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಮೂಲೆಗೆ ಹೋಗಿ ಒಬ್ಬರೇ ಅನುಭವಿಸಬಹುದು. ಹಾಗೆಂದು ಯಾವ ಕಾಲದಲ್ಲೋ ಯಾರಿಗೋ ಹೊಳೆದು ಊರಿಗೊಂದು ಕಟ್ಟಳೆ ಬಂತು. ಬೇಸಗೆ ಮುಗಿಯುವ ತನಕ ಒಂದು ಮನೆಯೊಳಗೆ ಯಾರೂ ಇನ್ನೊಬ್ಬರಿಗಿಂತ ತಂಪಾಗಿ ಇರಕೂಡದು.

ಕೇಳುವುದಕ್ಕೆ ಒಳ್ಳೆಯ ಕಟ್ಟಳೆಯೇ. ಬೇಸಗೆ ಬಂದರೆ ಪ್ರತಿ ಮನೆಯವರೂ ತಮ್ಮ ತಮ್ಮ ಕೋಣೆ ಬಿಟ್ಟು ಪಡಸಾಲೆಗೆ ಬಂದು ಚಾಪೆ ಹಾಸುತ್ತಿದ್ದರು. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ಒಬ್ಬರಾದ ಮೇಲೆ ಒಬ್ಬರು ನೀರು ಚಿಮುಕಿಸುತ್ತಿದ್ದರು. ಒಂದೇ ಗಡಿಗೆಯ ನೀರು, ಒಂದೇ ಲೋಟ. ಒಂದೇ ಪಾತ್ರೆಯಲ್ಲಿ ಕಡೆದ ಮಜ್ಜಿಗೆ, ಅದಕ್ಕೆ ಶುಂಠಿ, ಕೊತ್ತಂಬರಿ, ಚಿಟಿಕೆ ಉಪ್ಪು. ಬೀಸಣಿಗೆಯನ್ನು ಯಾರೂ ತಮಗೆ ತಾವೇ ಬೀಸಿಕೊಳ್ಳಕೂಡದು. ನಾನು ನಿನಗೆ ಬೀಸಬೇಕು, ನೀನು ಇನ್ನೊಬ್ಬರಿಗೆ ಬೀಸಬೇಕು, ಹಾಗೆ ಗಾಳಿ ಮನೆಯೊಳಗೆ ಸುತ್ತಿ ಬರಬೇಕು. ಇಷ್ಟಕ್ಕೇ ಬಿಟ್ಟಿದ್ದರೆ ಆ ಊರಿನಷ್ಟು ಸುಖದ ಊರು ಇನ್ನೊಂದಿರಲಿಲ್ಲ. ಆದರೆ ಕಟ್ಟಳೆ ಮಾಡಿದವರಿಗೆ ಅದನ್ನು ಯಾರಾದರೂ ಮುರಿಯುತ್ತಾರೇನೋ ಎಂಬ ಚಿಂತೆ ಹತ್ತದೆ ಇರುತ್ತದೆಯೇ?

ಅದಕ್ಕೇ ಅಂಗೈ ನೋಡುವ ಶಾಸ್ತ್ರ. ಸೂರ್ಯ ನೆತ್ತಿಗೆ ಬಂದಾಗ ಮನೆಯವರೆಲ್ಲ ಪಡಸಾಲೆಯಲ್ಲಿ ಅಂಗೈ ಮೇಲೆ ಮಾಡಿ ಕುಳಿತಿರಬೇಕು. ಒಲೆಯ ಮುಂದೆ ನಿಂತು ಅಡುಗೆ ಮಾಡಿದ ಹೆಂಗಸೇ ಬಂದು ಒಬ್ಬೊಬ್ಬರ ಅಂಗೈಯನ್ನೂ ಹಿಡಿದು ನೋಡಬೇಕು. ಬಡಿಸುವ ಕೈಗೆ ಎಲ್ಲರೂ ಸಮ, ಅದಕ್ಕೆ ಅವಳೇ ನ್ಯಾಯಸ್ಥೆ ಎಂದು ಹಿರಿಯರು ಹೇಳಿದ್ದರು. ನೀರು ಮುಟ್ಟಿದ ಕೈ ಸುಳ್ಳು ಹೇಳುತ್ತದೆ ಎಂದೂ ಹೇಳಿದ್ದರು. ಆದ್ದರಿಂದ ಅವಳು ಕೈ ತೊಳೆಯದೆ, ಸೆರಗಿಗೆ ಒರೆಸಿಕೊಂಡು, ಒಲೆಯ ಮುಂದಿನಿಂದ ನೆಟ್ಟಗೆ ಬರಬೇಕು. ಮೊದಲು ಯಾರ ಕೈ ಹಿಡಿಯಬೇಕು ಎಂಬುದಕ್ಕೆ ನಿಯಮವಿರಲಿಲ್ಲ. ಅವಳ ಮನಸ್ಸು ಯಾರ ಕಡೆ ಎಳೆಯುತ್ತದೋ ಅವರಿಂದ ಶುರು.

ಆ ಹೊತ್ತಿಗೆ ಹೊಸ್ತಿಲ ಹೊರಗೆ ಕೊಂಬಿನವನು ಬಂದು ನಿಂತಿರುತ್ತಿದ್ದ. ಊರಿಗೆಲ್ಲ ಅವನೊಬ್ಬನೇ. ಎಲ್ಲ ಮನೆಯ ಬಾಗಿಲಲ್ಲೂ ಒಂದೇ ಹೊತ್ತಿಗೆ ಹೇಗೆ ನಿಲ್ಲುತ್ತಿದ್ದನೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಈ ಮನೆಯಲ್ಲಿ ತಂಪು ಸಮವೋ?" ಎಂದು ಅವನು ಕೂಗುತ್ತಿದ್ದ.

"ಸಮ" ಎಂದು ಒಳಗಿನಿಂದ ಅಂಗೈ ನೋಡುವವಳು ಹೇಳಬೇಕು. ಹೇಳಿದರೆ ಊಟ. ಯಾರದಾದರೂ ಅಂಗೈ ತಣ್ಣಗಿದ್ದರೆ "ತಂಪು" ಎನ್ನಬೇಕು. ಆಗ ಅವನು ಒಂದು ಸಲ ಕೊಂಬು ಊದುತ್ತಿದ್ದ. ಒಬ್ಬರದೇ ಅಂಗೈ ಮೂರು ಸಲ ತಂಪಾಗಿ ಕಂಡರೆ ಅವರು ತಂಪುಗಳ್ಳರು. ಊರಿನ ಪಡುವಣಕ್ಕೆ ಮರವಿಲ್ಲದ, ನೆರಳಿಲ್ಲದ ಒಂದು ಬೋಳುಬಂಡೆಯಿತ್ತು. ಮೊದಲ ಮಳೆ ಬೀಳುವವರೆಗೆ ತಂಪುಗಳ್ಳರು ಅಲ್ಲಿ ಕುಳಿತಿರಬೇಕು. ಮಳೆ ಬಿದ್ದ ಮೇಲೆ ಕೆಲವರು ಇಳಿದು ಬರುತ್ತಿದ್ದರು. ಕೆಲವರು ಬರುತ್ತಿರಲಿಲ್ಲ.

ಈ ಕಥೆಯ ಮನೆಯಲ್ಲಿ ಐದು ಜನ. ಅತ್ತೆ, ಆಕೆಯ ಮಗ, ಅವನ ಹೆಂಡತಿಯಾದ ಸೊಸೆ, ಮದುವೆಯಾಗದ ನಾದಿನಿ, ಮತ್ತು ಸೊಸೆಯ ಒಬ್ಬಳೇ ಮಗಳು. ಮಗಳಿಗೆ ಆಗಷ್ಟೇ ಹದಿನಾರು ತುಂಬಿತ್ತು. ಮಾವ ಇರಲಿಲ್ಲ. ಸೊಸೆ ಆ ಮನೆಗೆ ಬರುವುದಕ್ಕೆ ಮುಂಚೆಯೇ ಒಂದು ಬೇಸಗೆಯಲ್ಲಿ ಅತ್ತೆ ತನ್ನ ಗಂಡನ ಅಂಗೈ ಮೂರು ಸಲ ಹಿಡಿದು, ಮೂರು ಸಲವೂ "ತಂಪು" ಎಂದು ಹೇಳಿ, ಅವನನ್ನು ಬಂಡೆಗೆ ಕಳಿಸಿದ್ದಳು. ಮಳೆ ಬಂತು, ಮಾವ ಬರಲಿಲ್ಲ. ಅಂದಿನಿಂದ ಊರಿನಲ್ಲಿ ಅತ್ತೆಯ ಮಾತಿಗೆ ಎದುರು ಮಾತಿಲ್ಲ. ನ್ಯಾಯ ಅಂದರೆ ಆ ಮನೆಯ ಯಜಮಾನತಿಯದು, ಗಂಡನನ್ನೇ ಬಿಡಲಿಲ್ಲ ಎಂದು ತಾಯಂದಿರು ಮಕ್ಕಳಿಗೆ ಹೇಳುತ್ತಿದ್ದರು. ಅತ್ತೆ ಆ ಹೊಗಳಿಕೆಯನ್ನು ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದಳು. ಅಷ್ಟು ವರ್ಷದಲ್ಲಿ ಒಂದು ದಿನವೂ ಆಕೆ ಗೋಡೆಗೆ ಒರಗಿ ಕುಳಿತದ್ದನ್ನು ಸೊಸೆ ನೋಡಿರಲಿಲ್ಲ.

ಆ ವರ್ಷ ಅತ್ತೆಯ ಮೊಣಕಾಲು ಕೈಕೊಟ್ಟಿತು. ಒಲೆಯ ಮುಂದೆ ನಿಲ್ಲಲಾರದೆ ಸೌಟನ್ನು ಸೊಸೆಯ ಕೈಗಿಟ್ಟಳು. "ಇನ್ನು ಮೇಲೆ ಅಂಗೈ ನೋಡುವವಳೂ ನೀನೇ ಕಣೇ. ಕೈ ಏನು ಹೇಳುತ್ತೋ ಅದನ್ನೇ ಬಾಯಿ ಹೇಳಬೇಕು. ನಡುವೆ ಕರುಳು ಬಾಯಿ ಹಾಕಬಾರದು" ಎಂದಳು.

ಸೊಸೆ ತಲೆಯಾಡಿಸಿದಳು. ಅವಳು ಸ್ವಭಾವದಲ್ಲಿ ಹೆದರುಪುಕ್ಕಲಿ, ಆದರೆ ಕೆಲಸದಲ್ಲಿ ಅಚ್ಚುಕಟ್ಟು. ಅಂಥವರೇ ಕಟ್ಟಳೆಗೆ ಬೇಕಾದವರು.

ಮೊದಲ ದಿನ ರೊಟ್ಟಿ ಬೇಯಿಸಿ, ಬೇಳೆ ಇಳಿಸಿ, ಕೈ ಒರೆಸಿಕೊಂಡು ಪಡಸಾಲೆಗೆ ಬಂದಳು. ನಾಲ್ಕು ಜೋಡಿ ಅಂಗೈಗಳು ಮೇಲಾಗಿ ಕಾಯುತ್ತಿದ್ದವು. ಅವಳ ಮನಸ್ಸು ಎತ್ತ ಎಳೆಯಬೇಕೋ ಅತ್ತಲೇ ಎಳೆಯಿತು. ಹೋಗಿ ಮಗಳ ಕೈ ಹಿಡಿದಳು. ಮಗಳ ಅಂಗೈ ತಣ್ಣಗಿತ್ತು. ಅನುಮಾನಕ್ಕೆ ಎಡೆಯೇ ಇಲ್ಲದಷ್ಟು ತಣ್ಣಗಿತ್ತು. ಆಮೇಲೆ ನಾದಿನಿಯದು ನೋಡಿದಳು, ಅಷ್ಟು ತಂಪಲ್ಲ. ಗಂಡನದು ಬೆಚ್ಚಗೆ. ಅತ್ತೆಯದು ಇನ್ನೂ ಬೆಚ್ಚಗೆ.

"ತಂಪು ಸಮವೋ?"

"ಸಮ" ಎಂದಳು ಸೊಸೆ. ಜೀವನದಲ್ಲಿ ಮೊದಲ ಸಲ ಬಾಯಿ ತುಂಬ ಸುಳ್ಳು ಹೇಳಿದ್ದಳು.

ಅನುಮಾನವೆನ್ನುವುದು ಮನೆಗೆ ಕಾಲಿಟ್ಟರೆ ಕೂರಲು ಮಣೆ ಕೇಳುವುದಿಲ್ಲ, ತಾನೇ ಎಳೆದುಕೊಂಡು ಕೂರುತ್ತದೆ. ಊಟವಾದ ಮೇಲೆ ಸೊಸೆ ಮಗಳನ್ನೇ ನೋಡತೊಡಗಿದಳು. ಹಿತ್ತಲಿಗೆ ಹೋದವಳು ಯಾಕೆ ಅಷ್ಟು ಹೊತ್ತು? ಗಡಿಗೆಯ ಪಕ್ಕದಲ್ಲೇ ಯಾಕೆ ಚಾಪೆ? ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ತನ್ನ ಮಡಿಲಲ್ಲಿ ಬೆಳೆದವಳು, ಮನೆಯವರೆಲ್ಲ ಬೇಯುತ್ತಿರುವಾಗ ಒಬ್ಬಳೇ ತಂಪಾಗಿದ್ದಾಳೆಯೇ? ಅವಳಿಗೆ ಮಗಳ ಮೇಲೆ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಸಿಟ್ಟೂ ಉಕ್ಕಿತು. ಎರಡೂ ಒಂದೇ ಪಾತ್ರೆಯಲ್ಲಿ ಬೆರೆತು ಯಾವುದು ಯಾವುದೆಂದು ತಿಳಿಯದೆ ಹೋಯಿತು.

ಮರುದಿನವೂ ಮಗಳ ಕೈಯನ್ನೇ ಮೊದಲು ಹಿಡಿದಳು. ಇವತ್ತಾದರೂ ಬೆಚ್ಚಗಿರಲಿ ದೇವರೇ ಎಂದು ಹಿಡಿದಳು. ತಣ್ಣಗಿತ್ತು. ಬಾಯಿ "ಸಮ" ಎನ್ನಲು ಹೊರಟಾಗ ಅತ್ತೆಯ ಕಣ್ಣು ತನ್ನ ಮುಖದ ಮೇಲಿರುವುದು ಕಂಡಿತು.

"ಕೈ ಹೇಳಿದ್ದನ್ನ ಹೇಳೇ" ಎಂದಳು ಅತ್ತೆ ಮೆಲ್ಲಗೆ.

"ತಂಪು" ಎಂದಳು ಸೊಸೆ.

ಹೊರಗೆ ಕೊಂಬು ಒಂದು ಸಲ ಮೊಳಗಿತು. ಮಗಳು ತನ್ನ ಅಂಗೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ನಡೆದದ್ದನ್ನು ಹೇಳುವುದಕ್ಕೂ ನಾಚಿಕೆ. ಗಂಡ ಗಡಿಗೆಯ ನೀರಿನ ಮಟ್ಟಕ್ಕೆ ಸುಣ್ಣದ ಗೆರೆ ಎಳೆದ. ನಾದಿನಿ ಮಗಳ ಜಡೆ ಬಿಚ್ಚಿ ಲಾವಂಚದ ವಾಸನೆ ಬರುತ್ತದೆಯೋ ಎಂದು ಮೂಸಿ ನೋಡಿದಳು. ಅಕ್ಕಿಯ ಕಣಜದ ಹಿಂದೆ ನೆಲ ತೇವವಾಗಿದೆ ಎಂದು ಅತ್ತೆ ಹೇಳಿದಳು. ಎಲ್ಲರೂ ಬಗ್ಗಿ ಮುಟ್ಟಿ ನೋಡಿದರು. ತೇವವಿತ್ತೋ, ಮುಟ್ಟಿದವರ ಬೆವರೋ, ಯಾರಿಗೆ ಗೊತ್ತು? ಮಗಳು ಗೋಡೆಯ ಕಡೆ ತಿರುಗಿ ಮಲಗಿದರೆ ಏನೋ ಬಚ್ಚಿಡುತ್ತಿದ್ದಾಳೆ ಎಂದರು. ಇತ್ತ ತಿರುಗಿದರೆ ನಾಚಿಕೆಯಿಲ್ಲದೆ ನೋಡುತ್ತಾಳೆ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಲ್ಲಿ ಎಲ್ಲರೂ ಗುಟ್ಟಾಗಿ ತಮ್ಮ ತಮ್ಮ ಅಂಗೈ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅನುಮಾನ ಒಬ್ಬಳ ಮೇಲೆಯೇ ನಿಲ್ಲಲಿಲ್ಲ. ತಟ್ಟಿಗೆ ನೀರು ಚಿಮುಕಿಸಲು ಎದ್ದ ನಾದಿನಿಯನ್ನು ಅವಳ ಅಣ್ಣ ತಡೆದ.

"ತಟ್ಟಿ ನೆನೆಸೋ ನೆಪದಲ್ಲಿ ನೀನು ಎಷ್ಟು ನೆನೀತೀಯೋ ಯಾರಿಗೆ ಗೊತ್ತು?"

"ನೀನೇ ನೆನೆಸಪ್ಪಾ ಅಣ್ಣ. ನಿನ್ನ ಪಂಚೆ ತುದಿ ನೋಡಿದರೆ ಗೊತ್ತಾಗುತ್ತೆ ನಿನ್ನ ಯೋಗ್ಯತೆ."

ಹಾಗೆ ತಟ್ಟಿ ಒಣಗಿತು. ಯಾರು ಯಾರಿಗೆ ಎಷ್ಟು ಬೀಸಿದರು ಎಂಬ ಜಗಳದಲ್ಲಿ ಬೀಸಣಿಗೆ ಮೂಲೆ ಸೇರಿತು. ಒಂದೇ ಸಾಲಿನಲ್ಲಿದ್ದ ಐದು ಚಾಪೆಗಳು ಐದು ಗೋಡೆ ಹುಡುಕಿಕೊಂಡು ಹೋದವು. ಮನೆಗೆ ನಾಲ್ಕೇ ಗೋಡೆ ಇದ್ದುದರಿಂದ ಮಗಳ ಚಾಪೆ ನಡುವೆ ಒಂಟಿಯಾಗಿ ಉಳಿಯಿತು. ಆ ಬೇಸಗೆಯಲ್ಲಿ ಆ ಮನೆಯಷ್ಟು ಸುಟ್ಟ ಮನೆ ಊರಿನಲ್ಲಿ ಇನ್ನೊಂದಿರಲಿಲ್ಲ.

ಮೂರನೆಯ ದಿನ ಮಗಳ ಕೈ ಮತ್ತೆ ತಣ್ಣಗಿತ್ತು. ಕೊಂಬು ಎರಡನೆಯ ಸಲ ಮೊಳಗಿತು. ಇನ್ನೊಂದೇ ಬಾಕಿ. ಗಂಡ ಊಟ ಬಿಟ್ಟು ಎದ್ದು ಹೋಗಿ ಜಗಲಿಯ ಮೇಲೆ ಕುಳಿತ. "ನನ್ನಪ್ಪ ಆಯಿತು, ಈಗ ಮಗಳು" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಹೇಳಿದ್ದು ಅಷ್ಟೇ. ಬೇಡ ಎನ್ನಲು ಅವನಿಗೂ ಬಾಯಿ ಬರಲಿಲ್ಲ.

ನಾಲ್ಕನೆಯ ದಿನ ನಡುಬೇಸಗೆಯ ತಂಗಳ ದಿನ. ಅಂದು ಇಡೀ ಊರಿನಲ್ಲಿ ಒಲೆ ಹೊತ್ತಿಸುವುದಿಲ್ಲ. ನೆನೆಸಿದ ಅವಲಕ್ಕಿ, ಹೆಸರುಬೇಳೆ ಕೋಸಂಬರಿ, ಪಾನಕ, ಅಷ್ಟೇ ಊಟ. ಒಲೆಗೆ ಬಿಡುವು, ಅಂಗೈ ನೋಡುವ ಶಾಸ್ತ್ರಕ್ಕೂ ಬಿಡುವು. ಸೊಸೆ ಆ ಬಿಡುವನ್ನು ಕಾದು, ಮಗಳನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ನಿಜ ಹೇಳು. ಎಲ್ಲಿ ಬಚ್ಚಿಟ್ಟಿದ್ದೀಯ? ಹೇಳಿಬಿಡು, ನಾನು ಹೋಗಿ ಚೆಲ್ಲಿ ಬರ್ತೀನಿ. ನಾಳೆ ಕೈ ಬೆಚ್ಚಗಿದ್ದರೆ ಸಾಕು, ನಿನ್ನ ಕಾಲಿಗೆ ಬೀಳ್ತೀನಿ."

"ಏನನ್ನ ಬಚ್ಚಿಡಲಿ ಅಮ್ಮ? ನನಗೂ ಸೆಖೆಯಲ್ಲಿ ಪ್ರಾಣ ಹೋಗ್ತಿದೆ."

"ಸುಳ್ಳು! ಕೈ ಸುಳ್ಳು ಹೇಳಲ್ಲ" ಎಂದು ಸೊಸೆ ಮಗಳ ಎರಡೂ ಕೈಗಳನ್ನು ಬಾಚಿ ಹಿಡಿದಳು. ಹಿಡಿದವಳು ಹಾಗೆಯೇ ನಿಂತಳು. ಮಗಳ ಅಂಗೈ ಬಿಸಿಯಾಗಿತ್ತು. ಜ್ವರ ಬಂದವರ ಹಣೆಯ ಹಾಗೆ ಬಿಸಿಯಾಗಿತ್ತು.

"ಇವತ್ತು ಕದ್ದಿಲ್ಲ ಅಲ್ವಾ?" ಎಂದಳು.

ಮಗಳು ತಾಯಿಯ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. "ಅಮ್ಮ, ಇವತ್ತು ನಿನ್ನ ಕೈ ಎಷ್ಟು ತಂಪಾಗಿದೆ! ದಿನಾ ಮಧ್ಯಾಹ್ನ ಕೆಂಡ ಇಟ್ಟ ಹಾಗಿರುತ್ತೆ" ಎಂದಳು.

ಆ ಮಾತು ಸೊಸೆಯ ಕಿವಿಗೆ ಬಿತ್ತು, ತಲೆಗೆ ಹೋಗಲು ಇಡೀ ದಿನ ಹಿಡಿಯಿತು. ಮಗಳು ಹೆದರಿ ಕಳ್ಳತನ ಬಿಟ್ಟಿದ್ದಾಳೆ ಎಂದುಕೊಂಡಳು. ಇಲ್ಲ, ತನಗೆ ಮೋಸ ಮಾಡಲು ಕೈಯನ್ನು ಬಿಸಿಲಿಗೆ ಒಡ್ಡಿ ಬಂದಿದ್ದಾಳೆ ಎಂದುಕೊಂಡಳು. ಹಾಗೆಂದುಕೊಂಡ ಮನಸ್ಸಿಗೇ ಛೀ ಎಂದುಕೊಂಡಳು. ಆದರೂ ಕೆಂಡದ ಮಾತು ಹೋಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಒಲೆ ಹೊತ್ತಿಸಿದಳು. ಎಡಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಲಗೈಯೊಂದರಲ್ಲೇ ರೊಟ್ಟಿ ಬೇಯಿಸಿದಳು. ಎರಡು ರೊಟ್ಟಿ ಹರಿದವು, ಒಂದು ಸೀದಿತು. ಹತ್ತು ರೊಟ್ಟಿ ಆದ ಮೇಲೆ ಮಗಳನ್ನು ಮೆಲ್ಲಗೆ ಕರೆದಳು.

"ಕೈ ಕೊಡು."

ಮಗಳು ಅಂಜುತ್ತ ಕೊಟ್ಟಳು. ಸೊಸೆ ಒಂದು ಅಂಗೈಯನ್ನು ಬಲಗೈಯಲ್ಲಿ ಹಿಡಿದಳು: ತಂಪು. ಅದೇ ಅಂಗೈಯನ್ನು ಎಡಗೈಯಲ್ಲಿ ಹಿಡಿದಳು: ಬಿಸಿ. ಮತ್ತೆ ಬಲಗೈ. ಮತ್ತೆ ಎಡಗೈ. ಒಂದೇ ಮಗಳು, ಒಂದೇ ಅಂಗೈ, ಒಂದೇ ಗಳಿಗೆ. ಬಲಗೈ ಕಳ್ಳಿ ಎನ್ನುತ್ತಿತ್ತು, ಎಡಗೈ ಪಾಪ ಬೇಯುತ್ತಿದೆ ಮಗು ಎನ್ನುತ್ತಿತ್ತು. ಹೀಗೆ ಹಿಡಿದು ಬಿಟ್ಟು ಮಾಡುತ್ತಿದ್ದಂತೆ ಬಲಗೈಯೂ ಆರಿತು, ಆರಿದ ಮೇಲೆ ಅದೂ ಬಿಸಿ ಎಂದೇ ಹೇಳಿತು. ಸೊಸೆ ಒಲೆಯ ಮುಂದೆ ಕುಸಿದು ಕುಳಿತಳು. ಒಲೆಗೆ ಕಾದದ್ದು ತನ್ನ ಕೈ. ಕಾದ ಕೈಗೆ ಯಾರನ್ನು ಮುಟ್ಟಿದರೂ ತಂಪೇ. ಮೂರು ದಿನ ತಾನು ನೋಡಿದ್ದು ಮಗಳ ಅಂಗೈಯನ್ನಲ್ಲ.

ಮೊದಲು ಸಂತೋಷಕ್ಕೆ ಅಳು ಬಂತು. ಮಗಳನ್ನು ತಬ್ಬಿಕೊಂಡು, ಮಸಿ ಬಳಿದ ಮುಖದಲ್ಲೇ ಮುದ್ದಿಟ್ಟಳು. ಆಮೇಲೆ ಪಡಸಾಲೆಯಲ್ಲಿ ನೆಟ್ಟಗೆ ಕುಳಿತಿದ್ದ ಅತ್ತೆಯ ಬೆನ್ನು ಕಂಡಿತು. ಕಂಡ ಕೂಡಲೇ ಸಂತೋಷ ನಿಂತುಹೋಯಿತು.

ಇದನ್ನು ಹೇಳಿದರೆ ಆ ಬೆನ್ನಿನ ಗತಿ ಏನು? ಇಷ್ಟು ವರ್ಷ ಗಂಡ ಕಳ್ಳ ಎಂಬ ಒಂದೇ ಆಸರೆಯಲ್ಲಿ ನಿಂತ ಬೆನ್ನು ಅದು. ಸೊಸೆ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ತಾನು ಸುಮ್ಮನೆ ಎಡಗೈಯಲ್ಲಿ ನೋಡುವುದು, "ಸಮ" ಎನ್ನುವುದು. ಮಗಳು ಉಳಿಯುತ್ತಾಳೆ, ಅತ್ತೆಯೂ ಉಳಿಯುತ್ತಾಳೆ. ಮಗಳಿಗೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿದಳು.

ಸೂರ್ಯ ನೆತ್ತಿಗೆ ಬಂದ. ನಾಲ್ಕು ಜೋಡಿ ಅಂಗೈಗಳು ಮೇಲಾದವು. ಮೂರನೆಯ ಕೊಂಬು ಕೇಳಲು ಬೀದಿಯ ಜನವೆಲ್ಲ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಬಾಗಿಲ ಹೊರಗೆ ಸೇರಿದ್ದರು. ಸೊಸೆ ಬಂದು ಮಗಳ ಮುಂದೆ ಕುಳಿತು ಎಡಗೈ ಚಾಚಿದಳು.

"ಎಡಗೈ ಯಾಕೆ?" ಎಂದಳು ಅತ್ತೆ.

"ಬಲಗೈ ನೋಯ್ತಿದೆ ಅತ್ತೆ."

"ಬೆಳಿಗ್ಗೆಯಿಂದ ಅದೇ ಕೈಯಲ್ಲಿ ರೊಟ್ಟಿ ಬೇಯಿಸಿದ್ದೀಯ, ನಾನು ನೋಡಿದೆ. ಎಡಗೈಯಲ್ಲಿ ಯಾರಾದರೂ ಶುಭಕಾರ್ಯ ಮಾಡ್ತಾರಾ? ಬಲಗೈಯಲ್ಲಿ ಹಿಡಿ."

"ಎರಡೂ ಕೈ ನನ್ನದೇ ಅಲ್ವಾ ಅತ್ತೆ?"

"ಮಗಳು ಅಂತ ಮೋಸ ಮಾಡ್ತಿದ್ದೀಯ!" ಅತ್ತೆಯ ದನಿ ಬಾಗಿಲಾಚೆಗೂ ಕೇಳಿತು. "ನಾನು ಗಂಡ ಅಂತ ಬಿಟ್ಟೆನಾ? ನನಗೆ ಕರುಳಿರಲಿಲ್ವಾ? ಬಲಗೈಯಲ್ಲಿ ಹಿಡಿ, ಇಲ್ಲ ಅಂದರೆ ನಾನೇ ಎದ್ದು ಕೊಂಬಿನವನಿಗೆ ಹೇಳ್ತೀನಿ."

"ಬೇಡ ಅತ್ತೆ. ಇದನ್ನ ಇಲ್ಲಿಗೇ ಬಿಟ್ಟುಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ, ನಿಮ್ಮ ದಮ್ಮಯ್ಯ."

ಬಿಟ್ಟುಬಿಡಿ ಎಂದರೆ ಬಿಡುವ ಅನುಮಾನ ಯಾವುದು? ಅತ್ತೆ ಗೋಡೆ ಹಿಡಿದು ಏಳತೊಡಗಿದಳು. ನಾದಿನಿ ಬಾಯಿಗೆ ಸೆರಗು ತುರುಕಿಕೊಂಡಳು. ಗಂಡ ನೆಲ ನೋಡುತ್ತಿದ್ದ. ಮಗಳು ತಾಯಿಯ ಮುಖ ನೋಡಿದಳು, ಆಣೆಯ ನೆನಪಾಗಿ ಮಾತಾಡಲಿಲ್ಲ. ಅದನ್ನು ನೋಡಿ ಸೊಸೆಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಬಲಗೈಯನ್ನು ಒಲೆಯ ಬಾಯಿಗೆ ಒಡ್ಡಿ ಕಾಯಿಸಿಕೊಂಡು ಬಂದಳು. ಮಗಳ ಬಳಿಗೆ ಹೋಗಲಿಲ್ಲ. ಅತ್ತೆಯ ಮುಂದೆ ಮೊಣಕಾಲೂರಿ, ಆಕೆಯ ಅಂಗೈಯನ್ನು ಬಲಗೈಯಲ್ಲಿ ಹಿಡಿದಳು.

"ನಿಮ್ಮ ಕೈ ತಂಪಾಗಿದೆ ಅತ್ತೆ. ನೀವು ಕಳ್ಳಿ."

"ಏನಂದೆ?"

ಸೊಸೆ ಅದೇ ಅಂಗೈಯನ್ನು ಎಡಗೈಗೆ ಬದಲಾಯಿಸಿದಳು. "ನಿಮ್ಮ ಕೈ ಸುಡ್ತಿದೆ. ನೀವು ಕಳ್ಳಿ ಅಲ್ಲ." ಮತ್ತೆ ಬಲಗೈ. ಮತ್ತೆ ಎಡಗೈ.

ಅತ್ತೆ ಏನೋ ಬೈಯಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ನಿಂತಿತು. ಆಕೆ ಒಲೆಯ ಮುಂದೆ ಬದುಕು ಸವೆಸಿದವಳು, ಒಲೆ ಬಿಟ್ಟೆದ್ದ ಕೈ ಹೇಗಿರುತ್ತದೆಂದು ಆಕೆಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸೊಸೆಯ ಬಲ ಅಂಗೈಯನ್ನು ತಾನೇ ಎಳೆದು ಮುಟ್ಟಿ ನೋಡಿದಳು. ಎಡ ಅಂಗೈಯನ್ನು ಮುಟ್ಟಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಆಮೇಲೆ ಹಿಡಿದವರದ್ದು?" ಎಂದು ಕೇಳಿದಳು. ದನಿಯಲ್ಲಿ ಯಜಮಾನಿಕೆ ಇರಲಿಲ್ಲ.

"ಹಿಡೀತಾ ಹಿಡೀತಾ ನಮ್ಮ ಕೈ ಆರುತ್ತೆ ಅತ್ತೆ. ಆಮೇಲಿನವರೆಲ್ಲ ಬೆಚ್ಚಗೇ ಇರ್ತಾರೆ. ಮೊದಲು ಹಿಡಿದವರು ಮಾತ್ರ..." ಸೊಸೆ ಅಲ್ಲಿಗೆ ನಿಲ್ಲಿಸಿದಳು.

"ಈ ಮನೆಯಲ್ಲಿ ತಂಪು ಸಮವೋ?" ಹೊರಗೆ ಕೊಂಬಿನವನು ಕೂಗಿದ.

"ಸಮ" ಎಂದಳು ಸೊಸೆ.

ಹೊರಗಿನ ಜನ ಗೊಣಗುತ್ತ ಚದುರಿದರು. ಮಗಳು ಬಂದು ತಾಯಿಯ ಬೆನ್ನಿಗೆ ಒರಗಿದಳು. ಅತ್ತೆ ಮಾತ್ರ ಸೊಸೆಯ ಕೈ ಬಿಟ್ಟಿರಲಿಲ್ಲ. ಆಕೆಯ ಬೆನ್ನು ಮೆಲ್ಲಮೆಲ್ಲಗೆ ಗೋಡೆಗೆ ತಾಗಿತು.

"ಅಷ್ಟು ಜನ ಕೂತಿರ್ತಿದ್ದರು ಕಣೇ" ಎಂದಳು ಅತ್ತೆ. "ನಾನು ದಿನಾ ಮೊದಲು ನಿನ್ನ ಮಾವನ ಕೈಯನ್ನೇ ಹಿಡೀತಿದ್ದೆ."